ಶನಿವಾರ ತಲೆಕೆಳಗಾಗುವ ಅಜ್ಜ

ಗಡ್ಡದ ಅಜ್ಜ, ಕರಿ ಟೋಪಿ, ಎರಡು ಬೆರಳ ನಡುವೆ ಒಂದು ಚಿನ್ನದ ನಾಣ್ಯ. ಅಡುಗೆಮನೆಯ ಗೋಡೆಯ ಮೇಲೆ ಅಂಗೈಯಗಲದ ಚಿತ್ರ. ಶನಿವಾರ ಮಾತ್ರ ತಲೆಕೆಳಗು.

ಮೊಳೆ ಸಡಿಲವಾಗಿರಬೇಕು ಅಂದುಕೊಂಡೆ. ಪ್ರತಿ ಶನಿವಾರ ಮಹಡಿ ಇಳಿದವಳೇ ನೆಟ್ಟಗೆ ಮಾಡುತ್ತಿದ್ದೆ. (ಸೊಟ್ಟಗಿರುವುದನ್ನು ಕಂಡರೆ ನನಗೆ ತಿಂಡಿ ಇಳಿಯುವುದಿಲ್ಲ.)

ಬ್ಲಾಂಚರ್ಡ್ಸ್‌ಟೌನ್ ಎಂಬ ಈ ವಿದೇಶಿ ಊರಿನಲ್ಲಿ ನಮ್ಮ ಮನೆಯ ಒಡತಿ ಇವೋನಾ, ಪೋಲೆಂಡ್‌ನಿಂದ ಇಲ್ಲಿಗೆ ಬಂದು ನೆಲೆಸಿದವರು. ಮೇಲಿನ ರೂಮು ನನಗೂ ಹುಬ್ಬಳ್ಳಿಯ ರೇಷ್ಮಾಳಿಗೂ ಬಾಡಿಗೆಗೆ. ಲಾಕ್‌ಡೌನ್‌ನಲ್ಲಿ ಇವೋನಾರ ಹೇರ್ ಸಲೂನ್ ಮುಚ್ಚಿದ್ದು ಇನ್ನೂ ತೆರೆದಿಲ್ಲ. ಮೊನ್ನೆ ಶನಿವಾರ ಚಿತ್ರ ತಿರುಗಿಸುವಾಗ ಅವರ ಕೈಗೆ ಸಿಕ್ಕಿಬಿದ್ದೆ.

"ಓಹೋ! ನನ್ನ ಸಲೂನ್ ತೆರೆಯದೆ ಇರೋದು ನಿನ್ನಿಂದಾನಾ?"

ನಾನು ಇಷ್ಟು ದಿನ ವೈರಸ್‌ನಿಂದ ಎಂದು ತಿಳಿದಿದ್ದೆ.

ಆ ಅಜ್ಜ ಯಹೂದಿಯಂತೆ. ಕಮ್ಯುನಿಸ್ಟರು ಹೋದ ಮೇಲೆ ಇವೋನಾರ ಊರಲ್ಲಿ ಕಂಡಕಂಡವರೆಲ್ಲ ಅಂಗಡಿ ತೆರೆದರು, ಗಲ್ಲಾಪೆಟ್ಟಿಗೆಯ ಹಿಂದೆ ಇಂಥ ಅಜ್ಜನನ್ನು ತೂಗುಹಾಕಿದರು. ವಾರವೆಲ್ಲ ಅವನು ದುಡ್ಡು ಕೂಡಿಡುತ್ತಾನೆ. ಶನಿವಾರ ತಲೆಕೆಳಗು ಮಾಡಿದರೆ ಜೇಬಿನಿಂದ ನಮ್ಮ ಮನೆಗೆ ಉದುರುತ್ತದೆ!

"ನೀವು ಯಹೂದಿಗಳನ್ನ ನೋಡಿದ್ದೀರಾ?"

"ಇಲ್ಲ. ಈಗ ನಮ್ಮೂರಲ್ಲಿ ಯಾರೂ ಇಲ್ಲ."

"ಈಗ ಅಂದ್ರೆ? ಮೊದಲು ಇದ್ರಾ?"

ಇವೋನಾ ಕೆಟಲ್‌ಗೆ ನೀರು ತುಂಬಿದರು. "ಎರಡನೇ ಮಹಾಯುದ್ಧಕ್ಕೆ ಮುಂಚೆ ನಮ್ಮ ಬೀದಿ ಪೂರ್ತಿ ಅವರದೇ." ಆಮೇಲೆ ದನಿ ಏರಿಸಿದರು. "ಇದು ದ್ವೇಷ ಅಲ್ಲ, ಗೌರವ! ದುಡ್ಡಿನ ವಿಷಯದಲ್ಲಿ ಅವರು ಜಾಣರು. ಇನ್ನೊಂದು ಸಲ ಮುಟ್ಟಿದರೆ ಬೇರೆ ರೂಮು ನೋಡಿಕೋ."

ಈ ಗೌರವದ ಪರಿಚಯ ನನಗಿದೆ. ಬೆಂಗಳೂರಿನಲ್ಲಿ ಮನೆ ನೋಡಲು ಹೋದಾಗ ಓನರ್ ಆಂಟಿ ನನ್ನ ಹೆಸರು ಕೇಳಿ, "ನಿಮ್ಮೋರ ಬಿರಿಯಾನಿ ಅಂದ್ರೆ ನಮಗೆ ಪ್ರಾಣ ಕಣಮ್ಮ" ಅಂದಿದ್ದರು. ಮನೆ ಮಾತ್ರ ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತಂತೆ. (ಟು-ಲೆಟ್ ಬೋರ್ಡು ಇನ್ನೂ ಗೇಟಿನಲ್ಲೇ ಇತ್ತು.)

ಆ ಶನಿವಾರ ರಾತ್ರಿ ಊಟಕ್ಕೆ ಕೂತಾಗ, ನಡೆದದ್ದು ಕೇಳಿ ರೇಷ್ಮಾ ಗದರಿದಳು. "ಸುಮ್ನ ಕುಂದ್ರಬೇ. ಲಾಕ್‌ಡೌನ್‌ನ್ಯಾಗ ಮನಿಯಿಂದ ಐದು ಕಿಲೋಮೀಟರ್ ದಾಟಂಗಿಲ್ಲ ಅಂದಾರ, ರೂಮ್ ಎಲ್ಲಿ ಹುಡುಕ್ತಿ? ಆ ಅಜ್ಜ ನಿನಗೇನ್ ಆಗಬೇಕು?"

ಏನೂ ಆಗಬೇಕಿಲ್ಲ. ಆದರೆ ಅವನಿಗೆ ಏನಾದರೂ ಆಗಬೇಕಾದವರು ಆ ಬೀದಿಯಲ್ಲಿ ಯಾರೂ ಉಳಿದಿಲ್ಲವಲ್ಲ?

ನಾನು ವಾಟ್ಸಾಪಿಗೂ ಫೋಟೊ ಹಾಕದವಳು. ಮರುದಿನ ಬೆಳಿಗ್ಗೆ ನನ್ನದೊಂದು ಪಾಸ್‌ಪೋರ್ಟ್ ಫೋಟೊವನ್ನು ಅಜ್ಜನ ಪಕ್ಕ ತಲೆಕೆಳಗಾಗಿ ಅಂಟಿಸಿದೆ. ಇವೋನಾ ಬರುವವರೆಗೆ ಅಲ್ಲೇ ನಿಂತಿದ್ದು, ಕೇಳಿಯೇಬಿಟ್ಟೆ:

"ನನ್ನಿಂದ ಏನು ಉದುರಬೇಕು, ಹೇಳಿ?"