ಇಲ್ಲ ಎನ್ನಲಾರದ ಲಸ್ಸಾದ

ನಮ್ಮ ಮಹದಿಯಾ ಊರಿನ ಲಸ್ಸಾದನಿಗೆ ‘ಇಲ್ಲ’ ಎನ್ನಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಅವನಿಗೆ ಪಾಠ ಹೇಳುತ್ತಿದ್ದ ನಾನು, ಲೆಕ್ಕ ಮಾಡಿದೆಯಾ ಎಂದು ಕೇಳಿದರೆ ‘ಇನ್ನೇನು ಆಯ್ತು ಮೇಡಂ’ ಎನ್ನುತ್ತಿದ್ದ. ಬೆಳೆದು ಪ್ರೋಗ್ರಾಮು ಬರೆಯುವವನಾದ ಮೇಲೆ ಈ ರೋಗ ಅವನ ಪ್ರೋಗ್ರಾಮುಗಳಿಗೂ ಅಂಟಿತು.

ಈದ್ ಹತ್ತಿರ ಬಂದಾಗ ಮನೆಮನೆಯ ಸಿಹಿತಿಂಡಿಯ ತಟ್ಟೆಗಳು ಬೇಯಲು ಊರಿಗೆಲ್ಲ ರೊಟ್ಟಿ ಸುಡುವ ಹಮ್ಮಾದಿಯ ಒಲೆಗೆ ಹೋಗುತ್ತವೆ. ನನ್ನದು ಬೆಂದಿತೇ ಎಂದು ಹೆಂಗಸರು ಅವನ ತಲೆ ತಿನ್ನುತ್ತಾರೆ. ಆ ಕಾಟ ತಪ್ಪಿಸಲು ಲಸ್ಸಾದ ಒಂದು ಪ್ರೋಗ್ರಾಮು ಹೊಂದಿಸಿದ: ಒಲೆಗೆ ತಟ್ಟೆ ಕೊಟ್ಟವರ ಹೆಸರುಗಳನ್ನು ಬರೆದಿಟ್ಟುಕೊಂಡು, ಹೆಸರು ಕೊಟ್ಟರೆ ತಟ್ಟೆಯ ಗತಿ ಹೇಳುವ ನಿಘಂಟು.

ಅದರಲ್ಲಿ ಹುಡುಕುವ ವಿಧಾನ ಯಾವುದಿರಬೇಕೆಂದು ನನ್ನನ್ನು ಕೇಳಿದ್ದ. ಚೌಕ ಆವರಣದಲ್ಲಿ ಹೆಸರಿಟ್ಟು ಕೇಳಿದರೆ, ಹೆಸರು ಸಿಗದಾಗ ಪ್ರೋಗ್ರಾಮು ಎರರ್ ಎಂದು ನಿಂತುಬಿಡುತ್ತದೆ. ‘ಗೆಟ್’ ಎಂದು ಕೇಳಿದರೆ ನಿಲ್ಲದೆ, ನಾವು ಮೊದಲೇ ಹೇಳಿಕೊಟ್ಟ ಉತ್ತರವನ್ನು ಒಪ್ಪಿಸುತ್ತದೆ. ‘ಸೆಟ್‌ಡಿಫಾಲ್ಟ್’ ಆ ಉತ್ತರ ಕೊಡುವುದಲ್ಲದೆ, ಇಲ್ಲದ ಹೆಸರನ್ನು ನಿಘಂಟಿಗೂ ಸೇರಿಸಿಬಿಡುತ್ತದೆ. ಮೊದಲನೆಯದು ಒರಟು, ಆದರೆ ಸುಳ್ಳಾಡುವುದಿಲ್ಲ. ಅದನ್ನೇ ಬಳಸು ಎಂದೆ. ಹಬ್ಬದ ಹೊತ್ತಿನಲ್ಲಿ ಬಾಗಿಲಿಗೆ ಬಂದವರಿಗೆ ‘ಇಲ್ಲ’ ಎನ್ನಬಾರದೆಂದು ಹಮ್ಮಾದಿಯ ಹಟವಂತೆ. ಲಸ್ಸಾದನಿಗೂ ಅದೇ ಬೇಕಿತ್ತು. ಮೂರನೆಯದನ್ನು ಆರಿಸಿ, ‘ಇನ್ನು ಸ್ವಲ್ಪ ಹೊತ್ತು’ ಎಂಬ ಉತ್ತರ ಕಲಿಸಿದ.

ಆ ವರ್ಷ ಅವನಿಗೆ ಒಲ್ಫಾಳೊಂದಿಗೆ ನಿಶ್ಚಿತಾರ್ಥವಾಗಿತ್ತು. ಹಬ್ಬದ ಹಿಂದಿನ ಸಂಜೆಯೊಳಗೆ ಅವನ ತಾಯಿ ಬೇಯಾಳ ತಟ್ಟೆ ಒಲ್ಫಾಳ ಮನೆ ಸೇರಬೇಕಿತ್ತು. ಸೇರದಿದ್ದರೆ ಒಲ್ಫಾಳ ತಾಯಿಯ ಲೆಕ್ಕದಲ್ಲಿ ಸಂಬಂಧ ಮುರಿದಂತೆ. ತಟ್ಟೆಯನ್ನು ಒಲೆಗೆ ತಂಗಿ ಒಯ್ದಿರಬೇಕೆಂದು ಲಸ್ಸಾದ, ಅಣ್ಣ ಒಯ್ದಿರಬೇಕೆಂದು ತಂಗಿ ಅಂದುಕೊಂಡಿದ್ದರು. ಮಧ್ಯಾಹ್ನ ಅವನು ಪ್ರೋಗ್ರಾಮಿಗೆ ತಾಯಿಯ ಹೆಸರು ಕೊಟ್ಟ. ಇನ್ನು ಸ್ವಲ್ಪ ಹೊತ್ತು ಎಂದಿತು. ಪರದೆಯ ಮೇಲೆ ಬೇಯಾ ಎಂಬ ಹೆಸರನ್ನೂ ಕಂಡು ನಿಶ್ಚಿಂತನಾದ. ತಾನು ಕೇಳಿದ್ದರಿಂದಲೇ ಅದು ಅಲ್ಲಿ ಬಂದು ಕೂತಿದೆ ಎಂಬುದು ಮಹಾಶಯನಿಗೆ ಹೊಳೆಯಲಿಲ್ಲ.

ಸಂಜೆ ನಾನು ನನ್ನ ತಟ್ಟೆ ತರಲು ಹೋದಾಗ ಮೆಟ್ಟಿಲ ತುಂಬ ಹೆಂಗಸರು. ಇನ್ನೊಂದು ತಟ್ಟೆಗೆ ಜಾಗವಿದೆಯೇ ಎಂದು ವಿಚಾರಿಸಲು ಬಂದು ಹೆಸರು ಹೇಳಿದವರೂ ಸ್ವಲ್ಪ ಹೊತ್ತೆಂದು ನಂಬಿ ಕೂತಿದ್ದರು. ಹಮ್ಮಾದಿ ಕೊನೆಯ ತಟ್ಟೆಯನ್ನು ಹೊರಗೆಳೆದು, ತಾಯಿಯ ತಟ್ಟೆಗೆ ಕಾದು ನಿಂತಿದ್ದ ಲಸ್ಸಾದನ ಕಡೆ ತಿರುಗಿದ.

‘ಒಲೆ ಖಾಲಿ ಕಣಪ್ಪ. ನಿನ್ನ ಡಬ್ಬ ಮಾತ್ರ ಇನ್ನೂ ಬೇಯಿಸ್ತಾ ಇದೆ.’

‘ಅಮ್ಮನ ಹೆಸರು ಇದೆಯಲ್ಲ ಚಿಕ್ಕಪ್ಪ.’

‘ಹೆಸರಿಗೆ ಜೇನು ಸವರಿ ಬೀಗರಿಗೆ ಕೊಡು.’

ಅಷ್ಟರಲ್ಲಿ ಒಲ್ಫಾಳ ಫೋನು. ಹೆಂಗಸರೆಲ್ಲ ಮಾತು ನಿಲ್ಲಿಸಿದ್ದರಿಂದ ಅವಳ ದನಿ ನಮಗೂ ಕೇಳಿಸಿತು.

‘ತಟ್ಟೆ ಎಲ್ಲಿ? ಅಮ್ಮ ಬಾಗಿಲು ಬಿಟ್ಟು ಕದಲ್ತಿಲ್ಲ.’

‘ಇನ್ನೇನು...’

‘ಲಸ್ಸಾದ್, ಇದೆಯೋ ಇಲ್ವೋ, ಅಷ್ಟು ಹೇಳು.’

ಅವನು ನನ್ನ ಕಡೆ ನೋಡಿದ. ಶಾಲೆಯಲ್ಲೂ ನಾನು ಯಾರಿಗೂ ಉತ್ತರ ಹೇಳಿಕೊಟ್ಟವಳಲ್ಲ.

‘ಇಲ್ಲ,’ ಎಂದ. ‘ಒಲೆಗೇ ಬಂದಿಲ್ಲ. ಮನೇಲಿ ಬಟ್ಟೆ ಮುಚ್ಚಿಕೊಂಡು ಕೂತಿರಬೇಕು.’

‘ಹಸೀದನ್ನೇ ತಗೊಂಡು ಬಾ. ನಮ್ಮನೆ ಒಲೇಲಿ ಬೇಯಿಸೋಣ. ಅಮ್ಮ ಬಯ್ತಾಳೆ, ಬಯ್ಸಿಕೋ.’

ಊರೆಲ್ಲ ನೋಡುತ್ತಿದ್ದಂತೆ ಹಸಿ ಹಿಟ್ಟಿನ ತಟ್ಟೆ ಹೊತ್ತು ಹೋದ, ಬಯ್ಸಿಕೊಂಡ, ಮದುವೆಯಾಯಿತು. ಪ್ರೋಗ್ರಾಮಿಗೂ ಚೌಕ ಆವರಣ ಹಾಕಿದ. ಮುಂದಿನ ಹಬ್ಬಕ್ಕೆ, ತಟ್ಟೆಯನ್ನೇ ಕೊಡದ ಮೊದಲ ಹೆಂಗಸು ತನ್ನ ಹೆಸರು ಹೇಳಿದ್ದೇ ತಡ, ಅದು ಎರರ್ ಎಂದು ನಿಂತಿತು. ಸರಿಮಾಡಲು ಯಾವಾಗ ಬರುತ್ತೀ ಎಂದು ಹಮ್ಮಾದಿ ಫೋನು ಮಾಡಿದರೆ, ಲಸ್ಸಾದ ‘ಇನ್ನೇನು ಬಂದೆ’ ಎಂದನಂತೆ. ಪಕ್ಕದಿಂದ ಒಲ್ಫಾ ಫೋನು ಕಿತ್ತುಕೊಂಡು, ಇವತ್ತು ಬರುವುದಿಲ್ಲ ಎಂದಳಂತೆ.