ಮುಖಪುಟದ ಹೆಂಗಸು

ಬೀದಿಗೆಲ್ಲ ಅವನು ದೆವ್ವದ ಪೇಂಟರ್. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು "ದೆವ್ವದೋರೇ" ಅಂತ ಕರೆದರೆ ಒಳಗಿಂದ "ಬಂದೆ" ಅಂತ ಉತ್ತರ ಬರುತ್ತಿತ್ತು. ಅದರಲ್ಲಿ ಯಾರಿಗೂ ಬೇಜಾರಿರಲಿಲ್ಲ. ತಿಂಗಳಿಗೊಂದು ಸಲ ಬರುತ್ತಿದ್ದ ದೆವ್ವದ ಕಥೆಗಳ ಪತ್ರಿಕೆಗೆ ಮುಖಪುಟ ಬರೆಯುವುದು ಅವನ ಕಸುಬು. ಒಳಗಿನ ಕಥೆ, ಕಾಮಿಕ್ಸು ಬರೆಯುವವರು ಬೇರೆ ಇದ್ದರು. ಆದರೆ ಅಂಗಡಿ ಮುಂದೆ ಕ್ಲಿಪ್ಪಿಗೆ ನೇತಾಡುತ್ತಾ ದಾರಿಹೋಕರ ಕಾಲು ಹಿಡಿದು ನಿಲ್ಲಿಸುತ್ತಿದ್ದದ್ದು ಅವನ ಮುಖಪುಟವೇ.

ನೋಡಿ ಬರೆಯಲು ಮನುಷ್ಯರು ಬೇಕಲ್ಲ, ಕೈಗೆ ಸಿಕ್ಕವರೇ ಬಲಿ. ಮಾವನನ್ನು ಹೆಣ ಮಾಡಿ ಚಾಪೆ ಮೇಲೆ ಮಲಗಿಸಿದರೆ ಅವರು ನಿಜವಾಗಿಯೂ ಗೊರಕೆ ಹೊಡೆದುಬಿಟ್ಟರು. ಎದುರುಮನೆ ಟೈಲರ್ ಆ ಪತ್ರಿಕೆಯಲ್ಲಿ ನೇಣು ಹಾಕಿಕೊಂಡದ್ದು, ಬಾವಿಗೆ ಬಿದ್ದದ್ದು, ಕುತ್ತಿಗೆ ಕಚ್ಚಿಸಿಕೊಂಡದ್ದು ಲೆಕ್ಕಕ್ಕೇ ಇಲ್ಲ. ಪ್ಯಾಂಟು ತಡವಾಯಿತೆಂದು ಗಿರಾಕಿ ರೇಗಿದರೆ, "ಹೋದ ತಿಂಗಳು ತಾನೇ ಸತ್ತಿದ್ದೀನಿ ಸ್ವಾಮಿ, ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಡಿ" ಅನ್ನುತ್ತಿದ್ದ.

ಆದರೆ ಹೆಣ್ಣು ದೆವ್ವ ಯಾವಾಗಲೂ ಪೇಂಟರನ ಹೆಂಡತಿಯೇ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗೆ ಕಂಬಳಿ ಹೊದಿಸಿ, ಸೀಮೆಎಣ್ಣೆ ದೀಪ ನೆಲದ ಮೇಲಿಟ್ಟು, ಗದ್ದದ ಕೆಳಗಿನಿಂದ ಬೆಳಕು ಬೀಳುವಂತೆ ಅವಳನ್ನು ಕೂರಿಸುತ್ತಿದ್ದ. ಅವಳು ಜಡೆ ಬಿಚ್ಚಿ, ಕೆನ್ನೆಗೆ ಬೆರಳು ಒತ್ತಿ, ಬಾಯಿ ಅಗಲ ಮಾಡಿ ಹಾಗೇ ಇರುತ್ತಿದ್ದಳು. ಒಂದಿಷ್ಟೂ ಸದ್ದಿಲ್ಲ. ಅವನು "ಸಾಕು" ಅನ್ನುವವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ಮುಚ್ಚಿದ ಬಾಯಿಯ ದೆವ್ವ ಓಡೋದಿಲ್ಲಯ್ಯ ಅಂತ ಸಂಪಾದಕ ಮೊದಲೇ ಕಟ್ಟುನಿಟ್ಟು ಮಾಡಿದ್ದ.

ಒಂದು ಸಂಚಿಕೆ ಎಷ್ಟು ಓಡಿತೆಂದರೆ, ಸಾಮಾನು ತರಲು ಹೋದ ಅವಳನ್ನು ಕಂಡು ಯಾವಳೋ ತಾಯಿ ತನ್ನ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳಂತೆ. ಅಂಗಡಿಯಲ್ಲಿ ಅವಳು ನಕ್ಕಳು. ಮನೆಗೆ ಬಂದು ಚೀಲ ಇಳಿಸಿದವಳು ಗಂಡನ ಎದುರು ಬಂದು ಕೂತಳು.

"ರೀ, ನನ್ನನ್ನೂ ಒಂದ್ಸಲ ಸುಮ್ನೆ ಕೂತಿರೋ ಹಾಗೆ ಬರೀರಿ."

"ಈ ಸಂಚಿಕೆ ಒಂದು ಮುಗೀಲಿ ಕಣೇ."

ಒಂದು ಸಂಚಿಕೆಯ ಬೆನ್ನಿಗೆ ಇನ್ನೊಂದು ಇದ್ದೇ ಇರುತ್ತಿತ್ತು. ಕೊನೆಗೆ ಪತ್ರಿಕೆಯೇ ನಿಂತಿತು. ಪೇಂಟರ್ ಅಂಗಡಿಗಳ ಬೋರ್ಡು ಬರೆದ. ಆಮೇಲೆ ಮೆಷಿನ್ನಿನಲ್ಲಿ ಬ್ಯಾನರ್ ಹೊಡೆಯುವವರು ಬಂದು ಅದೂ ಹೋಯಿತು. ಅವನ ಕೈ ಖಾಲಿಯಾಗುವ ಹೊತ್ತಿಗೆ ಹೆಂಡತಿಯ ತಲೆಯೂ ಖಾಲಿಯಾಗತೊಡಗಿತ್ತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಮನೆಯ ದಾರಿ, ಆಮೇಲೆ ಮಗಳ ಹೆಸರು. ಗಂಡನನ್ನು "ಬಣ್ಣದೋರೇ" ಅಂತ ಮರ್ಯಾದೆಯಾಗಿ ಕರೆಯುತ್ತಿದ್ದಳು, ಸುಣ್ಣ ಬಳಿಯಲು ಬಂದವನನ್ನು ಕರೆದ ಹಾಗೆ. ಹೋದದ್ದು ವಾಪಸ್ ಬರೋದಿಲ್ಲ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಇರುವಷ್ಟು ನೆನಪೂ ಹೋಗುವ ಮೊದಲು ಅವಳು ಕೇಳಿದ್ದ ಆ ಚಿತ್ರ ಬರೆದುಬಿಡಬೇಕು, ಇದು ನಾನು ಅಂತ ಅವಳು ನೋಡಬೇಕು. ಪೇಂಟರಿಗೆ ಬೇರೆ ಯೋಚನೆಯೇ ಉಳಿಯಲಿಲ್ಲ. ನೆನಪಿನಿಂದ ಬರೆಯಲು ಕೂತರೆ ಕೈ ಕೇಳಲಿಲ್ಲ. ಎಷ್ಟು ತಿದ್ದಿದರೂ ನೆರಳು ಗದ್ದದಿಂದ ಮೇಲಕ್ಕೇ ಏರುತ್ತಿತ್ತು. ಎದುರಿಗೆ ಕೂರಿಸಿಕೊಂಡೇ ಬರೆಯಬೇಕು. ಮಗಳು ಭಾನುವಾರ ಬಂದು ಅಮ್ಮನಿಗೆ ಜಡೆ ಹಾಕಿ, ಒಳ್ಳೆ ಸೀರೆ ಉಡಿಸಿ, ಕಿಟಕಿಯ ಬೆಳಕಿಗೆ ಕೂರಿಸಿದಳು. ಪೇಂಟರ್ ಬ್ರಷ್ ಅದ್ದಿದ.

ಬ್ರಷ್ ಕಂಡದ್ದೇ ತಡ, ಅವಳ ಕೈ ಜಡೆಗೆ ಹೋಯಿತು. ನಿಧಾನವಾಗಿ ಬಿಚ್ಚಿದಳು. ಕೆನ್ನೆಗೆ ಬೆರಳು ಒತ್ತಿದಳು, ಬಾಯಿ ತೆರೆದಳು.

ಮಗಳು ಬಾಯಿ ಮುಚ್ಚಮ್ಮ ಅಂತ ಗೋಗರೆದಳು. ಅವಳು ಕದಲಲಿಲ್ಲ, ಕಣ್ಣಲ್ಲಿ ನೀರು ತುಂಬಿದರೂ ಹಾಗೇ ಕೂತಿದ್ದಳು. ಪೇಂಟರ್ "ಸಾಕು" ಅಂದ. ಮುಚ್ಚಿದಳು. ಬ್ರಷ್ ಎತ್ತಿದ. ಮತ್ತೆ ತೆರೆದಳು. ತನ್ನ ಮಗಳು ಯಾರೆಂದು ಗೊತ್ತಿಲ್ಲದವಳಿಗೆ ಆ ಕೆಲಸ ಮಾತ್ರ ಗೊತ್ತಿತ್ತು.

ಅಂದಿನಿಂದ ಅವನು ಬ್ರಷ್ಷು, ಬಣ್ಣ ಎಲ್ಲ ಅಟ್ಟಕ್ಕೆ ಹಾಕಿದ. ಅವಳು ಬಟ್ಟೆ ಮಡಿಸುತ್ತಾ ಕೂತಾಗ ಒಂದು ಹಳೇ ಸಂಚಿಕೆಯನ್ನೇ ಒತ್ತಿಗೆ ಇಟ್ಟುಕೊಂಡು, ಅದರ ಮೇಲೆ ಹಾಳೆ ಸಿಕ್ಕಿಸಿ, ಕಳ್ಳನ ಹಾಗೆ ಬಾಗಿಲ ಮರೆಯಿಂದ ಪೆನ್ಸಿಲ್ಲಿನಲ್ಲಿ ಗೀಚಿದ. ದಿನಕ್ಕೆ ಒಂದು ಹುಬ್ಬು, ಒಂದು ಕಿವಿ. ಕೊನೆಗೂ ಮುಖ ಕೂಡಿಬಂತು. ಎಡಗಡೆ ಚೂರು ಓರೆಯಾದ, ಮುಚ್ಚಿದ ತುಟಿ. ಯಾರನ್ನೂ ಹೆದರಿಸುವ ಉಸಾಬರಿಯಿಲ್ಲದ ಕಣ್ಣು. ಮಗಳು ನೋಡಿದವಳೇ ಅಪ್ಪನ ಭುಜ ಹಿಡಿದುಕೊಂಡು ನಿಂತಳು.

ಪೇಂಟರ್ ಚಿತ್ರವನ್ನು ಆ ಸಂಚಿಕೆಯ ಸಮೇತ ಹೆಂಡತಿಯ ಮಡಿಲಲ್ಲಿಟ್ಟ.

"ಇದ್ಯಾರು ಹೇಳು ನೋಡೋಣ."

ಅವಳು ತುಂಬ ಹೊತ್ತು ನೋಡಿದಳು. "ಯಾರೋ ಒಳ್ಳೇ ಮನೆತನದೋರು ಇರ್ಬೇಕು. ಲಕ್ಷಣವಾಗಿದ್ದಾರೆ."

"ನೀನೇ ಕಣೇ."

"ಹೋಗಿ ಬಣ್ಣದೋರೇ, ತಮಾಷೆ ಮಾಡ್ತೀರ" ಅಂತ ನಾಚಿಕೊಂಡು ಹಾಳೆಯನ್ನು ವಾಪಸ್ ಚಾಚಿದಳು. ಚಾಚುವಾಗ ಅದು ಜಾರಿ ಕೆಳಗಿನ ಮುಖಪುಟ ಕಂಡಿತು. ಹಸಿರು ಬೆಳಕು, ಬಿಚ್ಚಿದ ಕೂದಲು. ಅವಳು ಆ ತೆರೆದ ಬಾಯಿಯ ಮೇಲೆ ಬೆರಳಿಟ್ಟಳು. ಅವಳ ಮುಖ ಅರಳಿತು.

"ಇದು ನಾನು. ಮಗು ಮಲಗಿತ್ತು, ಅದಕ್ಕೇ ಸದ್ದು ಮಾಡ್ಲಿಲ್ಲ."

ಇದನ್ನು ಪೇಂಟರ್ ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಗೆ ಕೂಗುವುದಿಲ್ಲ ಅಂತಲೇ ಅಷ್ಟು ವರ್ಷ ಅಂದುಕೊಂಡಿದ್ದ. ಮಗಳು ಒಳಗೆ ಹೋಗಿ ನಲ್ಲಿ ಬಿಟ್ಟಳು. ನೀರು ಸುಮ್ಮನೆ ಹರಿಯುತ್ತಿತ್ತು.

ಪೆನ್ಸಿಲ್ ಚಿತ್ರವನ್ನು ಮಗಳು ತನ್ನ ಮನೆಗೆ ಒಯ್ದಳು. ಸಂಚಿಕೆಯನ್ನು ಮಾತ್ರ ತಾಯಿ ಯಾರಿಗೂ ಕೊಡಲಿಲ್ಲ. ದಿಂಬಿನ ಪಕ್ಕ ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸಿ, ನಾನು ನಾನು ಅನ್ನುತ್ತಿದ್ದಳು. ಮುಖಪುಟ ಕಿತ್ತುಬಂದಾಗ ಪೇಂಟರ್ ಅಂಟುಪಟ್ಟಿ ಹಾಕಿ ಕೂಡಿಸಿದ. ಇಷ್ಟಾದರೂ ಉಳಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದ.

ಅದೂ ಉಳಿಯಲಿಲ್ಲ. ಒಂದು ಸಂಜೆ ಅವಳು ಮುಖಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು, ಇವರು ಯಾರು ಅಂತ ಕೇಳಿದಳು. ನನ್ನ ಹೆಂಡತಿ ಅಂತ ಅವನು ಹೇಳಿದ.

"ಪಾಪ. ಯಾಕೆ ಹಾಗೆ ಕಿರುಚ್ತಿದ್ದಾರೆ?"

ಅವಳು ಉತ್ತರಕ್ಕೆ ಕಾದಳು, ಕಾಯುತ್ತಿದ್ದದ್ದು ಏಕೆಂದು ಮರೆತಳು, ಪತ್ರಿಕೆಯನ್ನು ಬಟ್ಟೆಯೆಂದುಕೊಂಡು ನಾಲ್ಕು ಮಡಿಕೆ ಮಾಡತೊಡಗಿದಳು. ಅವನು ತಡೆಯಲಿಲ್ಲ.