ಕಾಯಿ ಕುಲುಕುವ ಕಿವಿ

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಸುಲಿದ ತೆಂಗಿನಕಾಯಿಯೊಂದನ್ನು ಎಡಗಿವಿಗೆ ಹಿಡಿದು ಕುಲುಕಿದೆ. ಒಳಗೆ ನೀರು ಗುಳುಗುಳು ಅಂದಿತು. ಖುಷಿ ತಡೆಯಲಾಗದೆ, ಎದುರಿಗೆ ನಿಂತ ಗಿರಾಕಿಯ ಕಿವಿಗೂ ಅದನ್ನು ಹಿಡಿದು "ಕೇಳಿ, ಕೇಳಿ" ಎಂದೆ. ಅವರು ನನ್ನನ್ನೊಮ್ಮೆ, ಕಾಯಿಯನ್ನೊಮ್ಮೆ ನೋಡಿ, ಚಟ್ನಿಗೆ ಬೇಕಾಗಿತ್ತು ಅಷ್ಟೇ ಎಂದರು. ನೀವೂ ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ ನಗಿ.

ಬ್ರಹ್ಮಾವರದಲ್ಲಿ ನನ್ನದು ತೆಂಗಿನಕಾಯಿ ವ್ಯಾಪಾರ. ಅಪ್ಪ ಕುಂಭಾಶಿಯಲ್ಲಿ ಪೂಜೆ ಮಾಡಿಕೊಂಡಿದ್ದವರು. ಈ ಕಸುಬು ಕಲಿಸಿದ್ದು ಅಮ್ಮ. ಹಿತ್ತಲಿನ ಕಾಯಿರಾಶಿಯ ಮುಂದೆ ಕೂರಿಸಿ ಒಂದೊಂದನ್ನೂ ಕಿವಿಗೆ ಹಿಡಿಸುವಳು. ನಾನು ಬಾಯಿ ತೆರೆದರೆ ಗದರುವಳು: "ಕಾಯಿ ಮಾತಾಡತ್ತ್ ಮಾಣಿ, ನೀ ಸುಮ್ನಿರ್." ನನ್ನ ತಲೆ ಪೂರ್ತಿ ನರೆತರೂ ಅವಳಿಗೆ ನಾನು ಮಾಣಿಯೇ, ಹುಡುಗನೇ. ಅವಳ ದನಿಯೋ, ಅಂಗಳದಲ್ಲಿ ನಿಂತು "ಹ್ವಾಯ್" ಅಂದರೆ ಹೆದ್ದಾರಿಯ ಬಸ್ಸೂ ನಿಲ್ಲಬೇಕು.

ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಆ ದನಿ ಇಳಿದುಹೋಯಿತು. ಪಿಸುಮಾತಷ್ಟೇ ಉಳಿಯಿತು. ಅದೇ ಹೊತ್ತಿಗೆ, ಅಂಗಡಿಯ ಕಟ್ಟಡ ಕೆಡವುತ್ತೇವೆ, ಬೇರೆ ಜಾಗ ನೋಡಿಕೊಳ್ಳಿ ಅಂದರು ಮಾಲೀಕರು. ಜಾಗಕ್ಕೆ ಅಲೆದಾಟ, ಆಸ್ಪತ್ರೆಗೆ ಓಡಾಟ, ಜೇಬಿನಲ್ಲಿ ನನ್ನಿಂದ ಕಾಯಿ ತರಿಸುವ ಮುಂಬೈ ಹೋಟೆಲಿನವರ ಬಿಡುವಿಲ್ಲದ ಫೋನು. ಆಗ ಶುರುವಾಯಿತು ನೋಡಿ, ಎಡಗಿವಿಯಲ್ಲಿ ಗುಂಯ್ ಎಂಬ ಸದ್ದು. ಬಲಗಿವಿ ನನಗೆ ಚಿಕ್ಕಂದಿನಿಂದಲೂ ಮಂದ. ಮಿಕ್ಸಿ ಎಂದುಕೊಂಡು "ಅದನ್ನ್ ಒಮ್ಮೆ ನಿಲ್ಸ್ ಮಾರಾಯ್ತಿ" ಎಂದು ಹೆಂಡತಿಗೆ ಕೂಗಿದೆ. ಅವಳು ಹೂ ಕಟ್ಟುತ್ತಾ ಕೂತಿದ್ದಳು.

ಒಂದು ದಿನ ಸಾಲಿಗ್ರಾಮದ ಕಡೆಯ ರೈತರೊಬ್ಬರು ಟೆಂಪೋ ತುಂಬ ಕಾಯಿ ತಂದರು. ನಾನು ಗತ್ತಿನಲ್ಲಿ ಕುಲುಕಿ ಕುಲುಕಿ, "ನೀರೇ ಇಲ್ಲೆ ಮಾರಾಯ್ರೆ, ಎಲ್ಲ ಹಾಳ್" ಎಂದು ಬದಿಗಿಟ್ಟೆ. ಅವರು ಒಂದನ್ನೆತ್ತಿ ಮೆಟ್ಟಿಲಿಗೆ ಕುಟ್ಟಿದರು. ನೀರು ನನ್ನ ಕನ್ನಡಕಕ್ಕೇ ಹಾರಿತು.

"ಹ್ವಾಯ್, ಇದ್ ನೀರಲ್ದೆ ಎಂತ, ಎಣ್ಣಿಯಾ? ನಿಮ್ಗ್ ಕೆಮಿ ಇತ್ತಾ ಇಲ್ಯಾ?"

ಕೆಮಿ ಅಂದರೆ ನಮ್ಮ ಕಡೆ ಕಿವಿ. ಅಕ್ಕಪಕ್ಕದ ಅಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಮನೆಯಲ್ಲಿ ಮಾತ್ರ ನಗುವ ಹಾಗಿರಲಿಲ್ಲ. ಅಮ್ಮ ಪಿಸುಗುಟ್ಟಿದರೆ ಗುಂಯ್ ಸದ್ದು ಅದನ್ನು ನುಂಗಿಬಿಡುತ್ತಿತ್ತು. ನಾನು "ಎಂತ? ಎಂತ?" ಅಂದಷ್ಟೂ ಅವಳು ನೋಯುವ ಗಂಟಲಿನಲ್ಲಿ ಮತ್ತೆ ಹೇಳಬೇಕು. ಕೊನೆಗೆ ಗೋಡೆಯ ಕಡೆ ಮಗ್ಗುಲಾದಳು. "ಇನ್ ಮಾಣಿ ಹತ್ರ ಮಾತಾಡೂದಿಲ್ಲೆ ಅಂದ್ರ್ ಅತ್ತಿ" ಎಂದು ಹೆಂಡತಿ ಹೇಳಿದಳು. ಅಮ್ಮನಲ್ಲಿ ಉಳಿದಿರುವುದೇ ಅಷ್ಟು ದನಿ, ಅದೂ ನನಗೆ ಸಿಗದೆ ಹೋಗುವುದೇ? ಸಿಗಲೇಬೇಕು ಎಂದು ಅವತ್ತೇ ಹಟ ಹಿಡಿದೆ.

ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡಿ ಎಂದು ಊರೇ ಹೇಳಿತು. ತೆಂಗಿನಕಾಯಿ ವ್ಯಾಪಾರಿಗೆ ಎಣ್ಣೆಗೇನು ಬರ, ಬಿಟ್ಟಿದ್ದೇ ಬಿಟ್ಟಿದ್ದು. ಕುಂದಾಪುರದ ಕಿವಿ ಡಾಕ್ಟರಮ್ಮ ಮೊದಲು ಅದನ್ನೇ ಬೈದರು. ಆಮೇಲೆ ಪರೀಕ್ಷೆ ಮಾಡಿ, "ಎಡಗಿವಿ ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಕುಗ್ಗಿದೆ, ಅಷ್ಟೇ. ಸದ್ದನ್ನು ಏರಿಸುತ್ತಿರುವುದು ನಿಮ್ಮ ಒತ್ತಡ, ನಿದ್ದೆಗೇಡು. ಈಗಲೂ ಹಲ್ಲು ಕಚ್ಚಿಕೊಂಡೇ ಕೂತಿದ್ದೀರಲ್ಲ!" ಎಂದರು. ದವಡೆ ಮುಟ್ಟಿ ನೋಡಿಕೊಂಡೆ, ಕಲ್ಲಾಗಿತ್ತು. "ಪೂರ್ತಿ ಹೋಗುತ್ತದೆ ಎನ್ನಲಾರೆ. ಹಿಂದೆ ಸರಿಯಬಹುದು."

ಹಾಗಾದರೆ ಸರಿಸಿಯೇ ಬಿಡುತ್ತೇನೆ ಎಂದೆ. ಮಧ್ಯಾಹ್ನ ಶಟರ್ ಎಳೆದು ಫೋನನ್ನು ಡ್ರಾಯರಿಗೆ ಹಾಕಿದೆ. ಹೊತ್ತಿಗೆ ಸರಿಯಾಗಿ ಮಲಗಿದೆ. ದವಡೆ ಸಡಿಲ ಬಿಡಬೇಕೆಂದು ಬಸ್ಸಿನಲ್ಲಿ ಬಾಯಿ ಅರೆತೆರೆದು ಕೂತೆ. ಪಕ್ಕದವರು ಸೀಟು ಬದಲಿಸಿದರು. ಅಂಗಡಿಗೆ ಹೊಸ ಜಾಗ ಸಿಕ್ಕಿತು, ಆದರೂ ಈ ರೂಢಿ ಬಿಡಲಿಲ್ಲ. ದಿನಾ ಅಮ್ಮನ ಮಂಚದ ಪಕ್ಕ "ಎಂತ" ಎನ್ನದೆ ಸುಮ್ಮನೆ ಕೂತೆ. ಕೆಲವು ದಿನ ಅವಳು ತಿರುಗಿ ನೋಡಲಿಲ್ಲ. ಆಮೇಲೊಮ್ಮೆ ಕಾಯಿಯೊಂದನ್ನು ತರಿಸಿಕೊಂಡು ನನ್ನ ಕಿವಿಯ ಬಳಿ ಕುಲುಕಿ, ಕೇಳಿಸಿತೇ ಎಂದು ಹುಬ್ಬು ಹಾರಿಸಿದಳು. ಇಲ್ಲವೆಂದು ತಲೆಯಾಡಿಸಿದೆ. ಮರುದಿನವೂ ಕುಲುಕಿದಳು, ಅದರ ಮರುದಿನವೂ. ನನ್ನ ಹಟ ಎಲ್ಲಿಂದ ಬಂದದ್ದೆಂದು ನಿಮಗೀಗ ಗೊತ್ತಾಗಿರಬೇಕು.

ಬೆಳಗಿನ ಆ ಕಾಯಿಯನ್ನು ನಾನು ಮಾರಲಿಲ್ಲ. ಗಿರಾಕಿಗೆ ಬೇರೆ ಕೊಟ್ಟು, ಮಧ್ಯಾಹ್ನ ಅದನ್ನು ಮನೆಗೆ ತಂದೆ. ಗುಂಯ್ ಇನ್ನೂ ಇದೆ, ಪಕ್ಕದ ಮನೆಯ ಮಿಕ್ಸಿಯಷ್ಟು. ಇರಲಿ.

"ಅಮ್ಮ, ಇವತ್ತ್ ಕಾಯಿ ಮಾತಾಡ್ತ್!"

ಹತ್ತಿರ ಬಾ ಎಂದು ಕೈ ಮಾಡಿದಳು. ಬಗ್ಗಿದೆ, ಹಲ್ಲು ಸಡಿಲಿಸಿದೆ. ಎಡಗಿವಿಗೆ ಬಾಯಿಟ್ಟು ಅವಳು ಅಂದದ್ದು ಒಂದಕ್ಷರ ಬಿಡದೆ ಕೇಳಿಸಿತು:

"ಹಾಂಗಾರೆ ಇನ್ ನೀ ಸುಮ್ನಿರ್ ಮಾಣಿ. ನಾ ಮಾತಾಡ್ತೆ."